ಝಟಕಾ ಕೇಳುವ ಗಡಿಯಾರ

ಆ ವರ್ಷಗಳಲ್ಲಿ ನನ್ನ ಎಡಗೈಯಲ್ಲಿ ಯಾವಾಗಲೂ ಯಾರದೋ ಗಡಿಯಾರ ಇರುತ್ತಿತ್ತು. ಚಾವಿ ಕೊಡುವ ಗಡಿಯಾರವಾದರೆ ರಿಪೇರಿ ಮಾಡಿ ಮೇಜಿನ ಮೇಲಿಟ್ಟು ನೋಡಿದರೆ ಸಾಕು. ಆಟೊಮ್ಯಾಟಿಕ್ ಹಾಗಲ್ಲ. ಕಟ್ಟಿಕೊಂಡವರ ಕೈ ಅಲುಗಾಡಿದಂತೆ ತನ್ನ ಸ್ಪ್ರಿಂಗನ್ನು ತಾನೇ ಸುತ್ತಿಕೊಳ್ಳುವ ಜಾತಿ ಅದು. ಕೈಗೆ ಕಟ್ಟಿಕೊಂಡು ತಿರುಗಾಡದ ಹೊರತು ಅದರ ಗುಣ ತಿಳಿಯುವುದಿಲ್ಲ. ಹಾಗಾಗಿ ರಿಪೇರಿಯಾದ ಆಟೊಮ್ಯಾಟಿಕ್ಕನ್ನು ನಾನೇ ಕಟ್ಟಿಕೊಂಡು ಸೈಕಲ್ ಹೊಡೆದು, ಸಂತೆ ಮಾಡಿ, ಸ್ನಾನಕ್ಕೆ ಮಾತ್ರ ಬಿಚ್ಚಿಟ್ಟು, ಖಾತ್ರಿಯಾದ ಮೇಲೆ ಮಾಲೀಕರಿಗೆ ಕೊಡುತ್ತಿದ್ದೆ. "ಗಡಿಯಾರದವನ ಕೈ ನೋಡಿ ಟೈಮ್ ಕೇಳಬ್ಯಾಡ್ರಿ, ಯಾರದರೆ ಕೆಟ್ಟದ್ದ ಇದ್ದೀತು" ಎಂದು ಜಮಖಂಡಿಯ ಪೇಟೆಯ ಗೆಳೆಯರು ಚೇಷ್ಟೆ ಮಾಡುತ್ತಿದ್ದರು. ಚೇಷ್ಟೆ ಮಾಡಿದರೂ ಅದು ನನ್ನ ಹೆಮ್ಮೆಯ ಪದ್ಧತಿಯಾಗಿತ್ತು.

ನಮ್ಮದು ಹೊಸ ಜಿಲ್ಲೆಯಾಗಿ ಕೆಲವು ವರ್ಷ ಕಳೆದಿದ್ದವು. ಬಸ್‌ಸ್ಟ್ಯಾಂಡಿನಲ್ಲಿ ಬ್ಯಾಟರಿ ಗಡಿಯಾರಗಳು ಬಾಳೆಹಣ್ಣಿನಂತೆ ಮಾರಾಟವಾಗುತ್ತಿದ್ದವು. ಕೆಟ್ಟರೆ ಬಿಸಾಕುವ ಗಡಿಯಾರಕ್ಕೆ ರಿಪೇರಿಯವನ ಹಂಗೇಕೆ? ಅಂಥ ಹೊತ್ತಿನಲ್ಲಿ ರಬಕವಿಯಿಂದ ಒಬ್ಬ ಹೆಣ್ಣುಮಗಳು ಬಂದು, ಸೆರಗಿನ ಗಂಟು ಬಿಚ್ಚಿ, ಒಂದು ಹಳೆಯ ಸ್ವಿಸ್ ಆಟೊಮ್ಯಾಟಿಕ್ಕನ್ನು ನನ್ನ ಮೇಜಿನ ಮೇಲಿಟ್ಟಳು. ನನಗೆ ಮನಸ್ಸಿನಲ್ಲೇ ಹಬ್ಬವಾಯಿತು.

"ಅಣ್ಣಾರ, ಇದು ನಮ್ಮಪ್ಪಂದು. ಸಂಜಿತನಕಾ ಹೆಂಗರೆ ನಡೀತೈತಿ, ಮುಂಜಾನಿ ನೋಡಿದ್ರ ನಿಂತಿರತೈತಿ. ನಿಂತದ್ದ ನೋಡಿದ್ರ ಅವ ಊಟಾ ಬಿಡ್ತಾನ್ರಿ."

"ಗಡಿಯಾರ ನಿಂತ್ರ ಊಟಾ ಬಿಡೂದ್ಯಾಕವಾ ತಂಗಿ?"

"ಅವನ್ನ ಕೇಳ್ರಿ. ಮಗ್ಗ ನಡದ್ರ ಗಡಿಯಾರ ನಡೀತೈತಿ, ಗಡಿಯಾರ ನಿಂತ್ರ ನಾನೂ ನಿಂತಂಗ ಅಂತಾನ. ನೇಕಾರ ಮನಶ್ಯಾ, ಹಟಾ ಭಾಳ. ಬರಬರತ ಮಾತೂ ಬಿಟ್ಟಾನ್ರಿ. ಇದೊಂದು ನಡಿಯೂಹಂಗ ಮಾಡಿಕೊಡ್ರಿ, ಪುಣ್ಯಾ ಬರತೈತಿ."

ಮುದುಕರ ಮಾತು ಎಂದು ನಕ್ಕು ಗಡಿಯಾರ ಒಳಗಿಟ್ಟುಕೊಂಡೆ. ಆ ಗಡಿಯಾರ ಅವಳ ತಾಯಿಯ ತಂದೆ ಮುಂಬೈ ಮಿಲ್ಲಿನಲ್ಲಿ ಜಾಬರ್, ಅಂದರೆ ಕೆಲಸಗಾರರ ಮೇಸ್ತ್ರಿ, ಆಗಿದ್ದಾಗ ಕೊಂಡು ಅಳಿಯನಿಗೆ ಮದುವೆಯಲ್ಲಿ ಕೊಟ್ಟದ್ದಂತೆ. ಅಂದಿನಿಂದ ಒಂದು ದಿನವೂ ಅದಕ್ಕೆ ಚಾವಿ ಕೊಟ್ಟಿಲ್ಲವಂತೆ.

ಹಿಂಬದಿಯ ಮುಚ್ಚಳ ತೆರೆದಾಗ ಸಂತೋಷ ಇಮ್ಮಡಿಯಾಯಿತು. ಸಾಮಾನ್ಯವಾಗಿ ಆಟೊಮ್ಯಾಟಿಕ್ಕಿನಲ್ಲಿ ಅರ್ಧಚಂದ್ರದಂಥ ತೂಕವೊಂದು ಸುತ್ತಲೂ ಗರಗರ ತಿರುಗುತ್ತದೆ. ಇದರಲ್ಲಿ ತೂಕ ಪೂರ್ತಿ ತಿರುಗುವುದಿಲ್ಲ. ಆ ಕಡೆಗೊಂದು ಈ ಕಡೆಗೊಂದು ಪುಟ್ಟ ಸ್ಪ್ರಿಂಗ್ ಇದ್ದು, ತೂಕ ಅವೆರಡರ ನಡುವೆ ಹೋಗಿ ಬಡಿದು, ಬಂದು ಬಡಿದು, ಅಷ್ಟರಲ್ಲೇ ಮುಖ್ಯ ಸ್ಪ್ರಿಂಗನ್ನು ಹಲ್ಲುಹಲ್ಲಾಗಿ ಸುತ್ತುತ್ತದೆ. ಹಿಡಿದು ಅಲುಗಿಸಿದರೆ ಬೆರಳಿಗೆ ಟಕ್ ಟಕ್ ಎಂದು ಬಡಿತ ಗೊತ್ತಾಗುತ್ತದೆ. ಆಟೊಮ್ಯಾಟಿಕ್ಕಿನ ವಂಶದಲ್ಲಿ ಇದು ಅಜ್ಜನ ಕಾಲದ್ದು.

ಎಲ್ಲ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದೆ. ಒಣಗಿ ಅಂಟಾಗಿದ್ದ ಎಣ್ಣೆ ತೆಗೆದು ಹೊಸದು ಹಾಕಿದೆ. ಬಡಿತದ ಸ್ಪ್ರಿಂಗುಗಳಲ್ಲಿ ಒಂದು ಸೋತಿತ್ತು, ಬದಲಿಸಿದೆ. ವೇಳೆಯ ಲಯ ಕಾಯುವ ಬ್ಯಾಲೆನ್ಸ್ ಚಕ್ರ ತುಂಬು ಉಸಿರಿನಿಂದ ಆಡತೊಡಗಿತು. ಪದ್ಧತಿಯಂತೆ ಕೈಗೆ ಕಟ್ಟಿಕೊಂಡು ಮುಧೋಳ ರಸ್ತೆಯಲ್ಲಿ ಸೈಕಲ್ ಹೊಡೆದೆ. ರಾತ್ರಿ ಬಿಚ್ಚಿ ದಿಂಬಿನ ಪಕ್ಕ ಇಟ್ಟರೆ ಬೆಳಿಗ್ಗೆ ಕುದುರೆಯಂತೆ ನಡೆದಿತ್ತು. ಅವಳು ಬಂದು ಕಣ್ಣಿಗೊತ್ತಿಕೊಂಡು ಒಯ್ದಳು.

ಕೆಲವೇ ದಿನಗಳಲ್ಲಿ ಅದೇ ಗಂಟು, ಅದೇ ಗಡಿಯಾರ, ಅದೇ ಮಾತು: ಮುಂಜಾನಿ ನಿಂತಿರತೈತಿ.

ಎರಡನೆಯ ಸಲ ನನ್ನ ಅನುಮಾನ ಸ್ಪ್ರಿಂಗಿನ ಡಬ್ಬಿಯ ಮೇಲೆ ಹೋಯಿತು. ಚಾವಿಯ ಗಡಿಯಾರದಲ್ಲಿ ಮುಖ್ಯ ಸ್ಪ್ರಿಂಗಿನ ಹೊರತುದಿಯನ್ನು ಡಬ್ಬಿಗೆ ಕೊಕ್ಕೆಯಿಂದ ಸಿಕ್ಕಿಸಿರುತ್ತಾರೆ. ತುಂಬಿದ ಮೇಲೆ ಚಾವಿ ತಿರುಗುವುದೇ ಇಲ್ಲ. ಆಟೊಮ್ಯಾಟಿಕ್ಕಿಗೆ ಸಾಕು ಎನ್ನುವವರು ಯಾರು? ಕೈ ಅಲುಗಾಡುತ್ತಲೇ ಇರುತ್ತದೆ, ಸುತ್ತುತ್ತಲೇ ಹೋದರೆ ಸ್ಪ್ರಿಂಗ್ ಹರಿದೀತು. ಅದಕ್ಕಾಗಿ ಹೊರತುದಿಗೆ ಕೊಕ್ಕೆ ಇಲ್ಲ. ಒಂದು ಬಿಗಿ ಪಟ್ಟಿ ಡಬ್ಬಿಯ ಗೋಡೆಯನ್ನು ಒತ್ತಿ ಹಿಡಿದಿರುತ್ತದೆ, ತುಂಬಿ ಹೆಚ್ಚಾದಾಗ ತಾನೇ ಜಾರುತ್ತದೆ. ಗೋಡೆಗೆ ಗ್ರೀಸ್ ಹೆಚ್ಚಾದರೆ ತುಂಬುವ ಮೊದಲೇ ಜಾರಿಬಿಡುತ್ತದೆ. ಅದೇ ಆಗಿರಬೇಕೆಂದು ಡಬ್ಬಿ ಒರೆಸಿ, ತಕ್ಕ ಗ್ರೀಸನ್ನು ಸೂಜಿಮೊನೆಯಷ್ಟು ಇಟ್ಟು ಜೋಡಿಸಿದೆ. ನನ್ನ ಕೈಯಲ್ಲಿ ಮತ್ತೆ ಚೆನ್ನಾಗಿ ನಡೆಯಿತು. ಅವಳ ಮನೆಗೆ ಹೋಗಿ ಮತ್ತೆ ನಿಂತಿತು.

ಮೂರನೆಯ ಸಲ ಬಂದಾಗ ಅವಳು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಸುತ್ತ ನೋಡಿ, ದನಿ ತಗ್ಗಿಸಿ ಹೇಳಿದಳು.

"ಅಣ್ಣಾರ, ಒಳಗಿನ ಮಶೀನ ತಗದು ಬ್ಯಾಟರಿದು ಹಾಕಿಬಿಡ್ರಿ. ಮ್ಯಾಲಿನ ರೂಪ ಹಂಗ ಇರಲಿ. ಅವಗ ಗೊತ್ತಾಗಂಗಿಲ್ರಿ. ನಡದ್ರ ಸಾಕು, ಎರಡ ತುತ್ತ ಉಣ್ತಾನ."

ಆ ಅಳತೆಗೆ ಹೊಂದುವ ಬ್ಯಾಟರಿ ಮಶೀನು ನನ್ನ ಡ್ರಾವರಿನಲ್ಲೇ ಇತ್ತು. ಮಧ್ಯಾಹ್ನದೊಳಗೆ ಮುಗಿಯುವ ಕೆಲಸ. ಡ್ರಾವರು ಎಳೆದೆ ಕೂಡ. ಆದರೆ ಬ್ಯಾಟರಿಯ ಸೆಕೆಂಡ್ ಮುಳ್ಳು ಜಿಗಿಯುತ್ತದೆ, ಇದರದ್ದು ಹರಿಯುತ್ತದೆ. ಸಂಸಾರ ಮಾಡಿದಷ್ಟು ಕಾಲ ಆ ಮುಳ್ಳನ್ನು ನೋಡಿದವರಿಗೆ ಗೊತ್ತಾಗದೆ ಇದ್ದೀತೇ? ಗೊತ್ತಾದರೆ ಆ ಮನುಷ್ಯ ಮಗಳನ್ನೂ ನಂಬಲಿಕ್ಕಿಲ್ಲ. "ಒಂದ ವಾರ ಇರಲಿ ತಂಗಿ, ನಾನ ತಗೊಂಡು ಬರತೇನಿ" ಎಂದು ಅವಳನ್ನು ಕಳಿಸಿ ಡ್ರಾವರು ಮುಚ್ಚಿದೆ.

ಮರುದಿನ ಅಂಗಡಿ ಬಾಗಿಲು ಹಾಕಿ ಮಿರಜಿನ ಬಸ್ಸು ಹತ್ತಿದೆ. ನನಗೆ ಈ ವಿದ್ಯೆ ಕಲಿಸಿದ ಉಸ್ತಾದರು ಅಲ್ಲಿದ್ದರು. ಕಣ್ಣಿಗೆ ಪೊರೆ ಬಂದು ಕೆಲಸ ಬಿಟ್ಟಿದ್ದರೂ ಬೆರಳುಗಳು ಎಲ್ಲವನ್ನೂ ನೆನಪಿಟ್ಟಿದ್ದವು. ನನ್ನ ಕಥೆಯನ್ನೆಲ್ಲ ಕೇಳಿ, ಗಡಿಯಾರವನ್ನು ಕಿವಿಯ ಹತ್ತಿರ ಅಲುಗಿಸಿ, ಕಪಾಟಿನಿಂದ ಒಂದು ಬಿಸ್ಕಿಟ್ ಡಬ್ಬಿ ತರಿಸಿದರು. ಅದರ ತುಂಬ ಸತ್ತ ಗಡಿಯಾರಗಳ ಮಶೀನುಗಳು. ಕಲಿಯುವಾಗ ಎಷ್ಟೋ ಸಲ ಕೇಳಿದ್ದ ಪಾಠವನ್ನೇ ಮತ್ತೆ ಶುರು ಮಾಡಿದರು. ಅವರ ಬಾಯಲ್ಲಿ ಆಟೊಮ್ಯಾಟಿಕ್ಕಿನ ಇತಿಹಾಸವೆಂದರೆ ಒಂದು ಮನೆತನದ ಕಥೆ.

ಎರಡು ಶತಮಾನಕ್ಕೂ ಹಿಂದೆ ಸ್ವಿಸ್ ಗುಡ್ಡಗಾಡಿನಲ್ಲಿ ಯಾರೋ ಒಬ್ಬ ಜೇಬಿನ ಗಡಿಯಾರಕ್ಕೆ ತೂಗುವ ತೂಕ ಇಟ್ಟನಂತೆ. ಆದರೆ ಜೇಬಿನಲ್ಲಿ ಗಡಿಯಾರ ತೆಪ್ಪಗೆ ನಿಂತಿರುತ್ತದೆ. ನಡೆದರಷ್ಟೇ ಅಷ್ಟಿಷ್ಟು ಕುಲುಕೀತು, ಗಾದಿಯ ಮೇಲೆ ಕೂತ ಸಾಹುಕಾರನಿಗೆ ಅದರಿಂದ ಏನು ಉಪಯೋಗ? ಆ ವಿದ್ಯೆ ಹಾಗೇ ಮಲಗಿತು. ಮೊದಲ ಮಹಾಯುದ್ಧದಲ್ಲಿ ಗಡಿಯಾರ ಜೇಬಿನಿಂದ ಕೈಗೆ ಬಂತು. ಆಗ ಇಂಗ್ಲೆಂಡಿನ ಒಬ್ಬ ರಿಪೇರಿಯವ, ಉಸ್ತಾದರು "ನಮ್ಮಂಥಾವನ" ಎಂದು ಒತ್ತಿ ಹೇಳುತ್ತಿದ್ದರು, ಚಾವಿಯ ತೂತಿನಿಂದಲೇ ಧೂಳು ನೀರು ಒಳಗೆ ಹೋಗಿ ಗಡಿಯಾರಗಳು ಕೆಡುತ್ತವೆಂದು ಬೇಸತ್ತು ಆ ತೂತನ್ನೇ ಮುಚ್ಚಿಬಿಟ್ಟ. ಹಾಗಾದರೆ ಸ್ಪ್ರಿಂಗ್ ಸುತ್ತುವುದು ಹೇಗೆ? ಹಲಗೆಯ ಎರಡು ತುದಿಗೆ ಕೂತು ಮೇಲೆಕೆಳಗೆ ಆಡುವ ಮಕ್ಕಳನ್ನು ನೋಡಿ ಅವನಿಗೆ ಹೊಳೆಯಿತಂತೆ. ತೂಕ ಹೋಗಿ ಬಡಿಯುವುದು, ಬಂದು ಬಡಿಯುವುದು. ಅವನ ವ್ಯಾಪಾರ ಹೆಚ್ಚು ದಿನ ನಡೆಯಲಿಲ್ಲ, ವಿದ್ಯೆ ಮಾತ್ರ ಉಳಿಯಿತು. ಆಮೇಲೆ ದೊಡ್ಡ ಕಂಪನಿಯೊಂದು ತೂಕವನ್ನು ಪೂರ್ತಿ ಸುತ್ತ ತಿರುಗಿಸಿ ಅದರ ಪೇಟೆಂಟ್ ಹಕ್ಕನ್ನು ತನ್ನದಾಗಿಸಿಕೊಂಡಿತು. ಉಳಿದವರು ಬಹುಕಾಲ ಈ ಬಡಿಯುವ ಜಾತಿಯಲ್ಲೇ ಕಾಲ ಹಾಕಿದರು. ಕೊನೆಗೆ ಎರಡೂ ಕಡೆಗೆ ತಿರುಗಿದರೂ ಸುತ್ತುವ ತೂಕ ಬಂತು, ಅದರಡಿ ಗುಂಡುಗಳ ಬೇರಿಂಗ್ ಬಂತು. ಅದರ ಬೆನ್ನಿಗೆ ಬ್ಯಾಟರಿ ಬಂದು ಎಲ್ಲರನ್ನೂ ಡಬ್ಬಿಗೆ ಹಾಕಿತು.

"ಕಡೀಕಿನ ಮಶೀನ ಐತಲ್ಲಾ," ಉಸ್ತಾದರು ಗುಂಡಿನ ಬೇರಿಂಗಿನದನ್ನು ಬೆರಳಿನಿಂದ ತಿರುಗಿಸಿದರು, "ಇದು ಗಾಳಿ ಬೀಸಿದ್ರೂ ತಿರಗತೈತಿ. ನೀ ತಂದೀಯಲ್ಲಾ, ಅದಕ್ಕ ಝಟಕಾ ಬೇಕು ಬೇಟಾ. ಮೆಲ್ಲಗ ಅಲಗಿದ್ರ ಅದು ಮಾತ ಕೇಳಂಗಿಲ್ಲ. ಮಶೀನ ನೋಡಿದಿ, ಡಬ್ಬಿ ನೋಡಿದಿ, ಛಲೋ ಆತು. ಕೈ ನೋಡಿದ್ಯಾ?"

"ಯಾರ ಕೈ ಉಸ್ತಾದ?"

"ನಿಂದ ನೋಡಿ ಏನ ಮಾಡೂದೈತಿ? ಕಟಗೊಳ್ಳಾವಂದು."

ಮಿರಜಿನಿಂದ ತಿರುಗಿ ಬರುವಾಗ ಬಸ್ಸಿನುದ್ದಕ್ಕೂ ನನ್ನ ಎಡಗೈಯನ್ನೇ ನೋಡುತ್ತ ಕೂತೆ. ಸೈಕಲ್ ಹೊಡೆಯುವ, ಹೊಟ್ಟೆಪಾಡಿಗೆ ದಿನವಿಡೀ ಆಡುವ, ಗಟ್ಟಿಮುಟ್ಟಾದ ಕೈ. ಈ ಕೈಗೆ ಸರಿಹೋದದ್ದು ಎಲ್ಲ ಕೈಗೂ ಸರಿ ಎಂದುಕೊಂಡಿದ್ದೆನಲ್ಲ, ನನ್ನ ಮೇಲೆ ನನಗೇ ಸಿಟ್ಟು ಬಂತು. ಗಡಿಯಾರವನ್ನು ಇನ್ನೊಮ್ಮೆ ಬಿಚ್ಚುವುದಿಲ್ಲ, ಮೊದಲು ರಬಕವಿಗೆ ಹೋಗುವುದು ಎಂದು ನಿಶ್ಚಯಿಸಿದೆ.

ಅವರ ಓಣಿಗೆ ಕಾಲಿಟ್ಟರೆ ಅಕ್ಕಪಕ್ಕದ ಮನೆಗಳಿಂದ ಪಾವರ್‌ಲೂಮಿನ ಖಟಖಟ. ಈ ಮನೆಯಲ್ಲಿ ಮಾತ್ರ ಎರಡು ಕುಣಿ ಮಗ್ಗಗಳಿದ್ದವು. ಒಂದರ ಕುಣಿಯಲ್ಲಿ ಕಾಲಿಳಿಬಿಟ್ಟು ಮಗಳು ನೇಯುತ್ತಿದ್ದಳು. ಬಲಗೈ ಹಗ್ಗ ಜಗ್ಗಿದರೆ ಲಾಳಿ ಓಡುತ್ತಿತ್ತು, ಎಡಗೈ ಫಣಿಯ ಹಲಗೆಯನ್ನು ಎಳೆದು ನೂಲಿಗೆ ಬಡಿಯುತ್ತಿತ್ತು. ಎರಡನೆಯ ಮಗ್ಗಕ್ಕೆ ಹಾಸು, ಅಂದರೆ ಉದ್ದದ ನೂಲು, ಹೂಡಿರಲಿಲ್ಲ. ಅದರ ಪಕ್ಕದ ಕಟ್ಟೆಯ ಮೇಲೆ ತಂದೆ ಕೂತಿದ್ದರು. ಎಡಗೈ ತೊಡೆಯ ಮೇಲೆ ಮಡಚಿ ಬಿದ್ದಿತ್ತು. ಎದ್ದು ನಮಸ್ಕಾರ ಮಾಡುವಾಗ ಬಲಗೈಯೊಂದೇ ಮೇಲೆ ಬಂತು.

ನಾನು ಮಗಳ ಕಡೆ ನೋಡಿದೆ. "ಲಕ್ವಾ ಹೊಡದಿತ್ತೇನವಾ? ಹೇಳಲೇ ಇಲ್ಲಲ್ಲಾ?"

"ನೀವು ಗಡಿಯಾರದ್ದ ಕೇಳಿದ್ರಿ, ಅದನ್ನ ಹೇಳಿದೆ," ಅವಳು ಕೈ ನಿಲ್ಲಿಸದೆ ಅಂದಳು. "ಕೈದ್ದು ಕೇಳಲಿಲ್ಲ. ಡಾಕ್ಟರು ರಬ್ಬರ್ ಚಂಡು ಕೊಟ್ಟು ಹಿಚಕರಿ, ಕೈ ಆಡಸ್ರಿ, ಇಲ್ಲಾಂದ್ರ ಪೂರಾ ಹೋಗತೈತಿ ಅಂದಾರ. ಇವ ಅದನ್ನ ಹುಡುಗರಿಗೆ ಆಡಾಕ ಕೊಟ್ಟಾನ."

"ಚಂಡ ಹಿಚಕಾಕ ನಾ ಏನ ಸಣ್ಣ ಕೂಸು?" ಮುದುಕರು ಗದರಿದರು.

ಸಂಗತಿ ಬಿಡಿಸಿ ಹೇಳಲೋ ಬೇಡವೋ ಎಂದು ತುಸು ಅಳುಕಿದೆ. ಆಮೇಲೆ ಗಡಿಯಾರ ತೆಗೆದು ಅವರ ಪಕ್ಕ ಕೂತೆ. "ಕಾಕಾರ, ಸಿಟ್ಟಾಗಬ್ಯಾಡ್ರಿ. ಗಡಿಯಾರದಾಗ ದೋಷ ಇಲ್ಲ. ನೀವು ಎಡಗೈಲೆ ಹಲಗಿ ಬಡೀತಿದ್ರಿ, ಆ ಝಟಕಾದಾಗ ಅದು ತುಂಬತಿತ್ತು. ಈಗ ಕೈ ಸುಮ್ಮ ಕುಂತೈತಿ, ಹಂಗಾಗಿ..."

"ಗೊತ್ತೈತ್ರಿ," ಅಂದರು.

ಮಗಳ ಲಾಳಿ ನಿಂತಿತು.

"ನನಗ ಮೊದಲ ಗೊತ್ತೈತಿ. ನಾ ಕಟಗೊಂಡ ಗಡಿಯಾರ ನನಗ ಗೊತ್ತಿರೂದಿಲ್ಲೇನು? ನೀವು ಬ್ಯಾರೆ ಏನರೆ ಹೇಳ್ತೀರೇನೋ ಅಂತ ಮೂರು ಸಲ ಕಳಿಸಿದೆ."

ಬಾಯಿಗೆ ಬಂದದ್ದನ್ನು ಹೇಳಿದೆ: ದಿನಾ ಬೆಳಿಗ್ಗೆ ಚಾವಿ ಕೊಡಬಹುದು, ಈ ಜಾತಿಯಲ್ಲಿ ಅದಕ್ಕೂ ಅವಕಾಶವಿದೆ. ಬಲಗೈಗೆ ಕಟ್ಟಿಕೊಂಡರೂ ಆದೀತು. ಎರಡಕ್ಕೂ ಅವರು ಬೇಡವೆಂದು ತಲೆ ಅಲ್ಲಾಡಿಸಿದರು. ಎಡಗೈಯನ್ನು ಬಲಗೈಯಿಂದ ಎತ್ತಿ ನನ್ನ ಮುಂದೆ ಇಟ್ಟು, "ಇದಕ್ಕ ಸ್ಪ್ರಿಂಗ್ ಹಾಕಾಕ ಬರತೈತೇನ್ರಿ?" ಎಂದು ಕೇಳಿದರು. ಅಣಕವೂ ಇತ್ತು, ಆಸೆಯೂ ಇತ್ತು.

"ಅದಕ್ಕ ಬರಂಗಿಲ್ಲ ಕಾಕಾರ. ಗಡಿಯಾರಕ್ಕ ಬರತೈತಿ. ಬಿಗಿ ಸ್ಪ್ರಿಂಗ್ ತಗದು ಸಡ್ಲಂದು ಹಾಕತೇನಿ. ಅದನ್ನ ಸುತ್ತಾಕ ದೊಡ್ಡ ಝಟಕಾ ಬ್ಯಾಡ, ಸಣ್ಣದ ಸಾಕು. ಆದ್ರ ಸಣ್ಣದರೆ ನೀವ ಕೊಡಬೇಕು. ಇನ್ನ ಒಂದ ಮಾತು, ಸಡ್ಲ ಸ್ಪ್ರಿಂಗಿಗೆ ಬಲಾ ಕಡಿಮಿ, ಟೈಮ್ ಬರೋಬ್ಬರಿ ತೋರ್ಸಂಗಿಲ್ಲ."

"ಎಲ್ಲಿ ಝಟಕಾ ಕೊಡ್ಲಿ? ಅಕಿ ಹಾಸಿನ ಮ್ಯಾಲ ಈ ಕೈ ಇಟ್ರ ಸೀರಿ ಕೆಡತೈತಿ. ಒಂದ ಬಡತ ಜೋರು, ಒಂದ ಸಡಲ. ಪ್ಯಾಟ್ಯಾಗ ಯಾರ ಮುಟ್ಟತಾರ?"

ನಾನು ಹಾಸಿಲ್ಲದ ಮಗ್ಗವನ್ನು ತೋರಿಸಿದೆ. ಕೆಡಲಿಕ್ಕೆ ಅದರಲ್ಲಿ ಏನೂ ಇರಲಿಲ್ಲವಲ್ಲ. ಮಗಳು ಥಟ್ಟನೆ ಕೈ ಅಡ್ಡ ತಂದಳು.

"ಬ್ಯಾಡ್ರಿ ಅಣ್ಣಾರ! ಬರೇ ತೊಟ್ಟಲಾ ತೂಗಬಾರದು, ಬರೇ ಮಗ್ಗ ಬಡೀಬಾರದು. ನಮ್ಮ ಮನ್ಯಾಗ ಎಂದೂ ಮಾಡಿಲ್ಲ."

ಮುದುಕರೂ ಹೌದೆಂದು ತಲೆಯಾಡಿಸಿದರು. ಅವರವರ ಮನೆಯ ನೇಮ ಅವರಿಗೆ. ಕೊನೆಗೆ ಅವಳೇ ಮೂಲೆಯಲ್ಲಿದ್ದ ತುಂಡು ನೂಲಿನ ಗಂಟನ್ನು ಕಾಲಿನಿಂದ ಮುಂದೆ ಸರಿಸಿದಳು. "ಇದನ್ನ ಗಂಟ ಹಾಕಿ ಗೇಣ ಅಗಲದ ಹಾಸ ಮಾಡತೇನಿ. ಹಾಸು ಅಂದ್ರ ಹಾಸ. ಆಮ್ಯಾಲ ಬಡಿ ನೀ, ಹೆಂಗ ಬೇಕಾದ್ರೂ ಬಡಿ."

ನನ್ನ ಪಾಲಿನ ಕೆಲಸ ಅಂದುಕೊಂಡಷ್ಟು ಸುಲಭವಾಗಲಿಲ್ಲ. ಹಳೆಯ ಮಶೀನುಗಳ ರಾಶಿ ಜಾಲಾಡಿ ಅಷ್ಟೇ ಅಗಲದ, ಆದರೆ ತೆಳುವಾದ ಸ್ಪ್ರಿಂಗೊಂದನ್ನು ಹುಡುಕಿದೆ. ಹಾಕಿದರೆ ಸುತ್ತಿಕೊಳ್ಳುವುದೇನೋ ಸಲೀಸಾಗಿ ಸುತ್ತಿಕೊಂಡಿತು, ಆದರೆ ಗಡಿಯಾರವನ್ನು ನೆಟ್ಟಗೆ ಹಿಡಿದರೆ ಬ್ಯಾಲೆನ್ಸಿಗೆ ಉಸಿರು ಸಾಲದೆ ನಿಲ್ಲುತ್ತಿತ್ತು. ಅದಕ್ಕಿಂತ ತುಸು ದಪ್ಪನೆಯದು ಬೇಕಾಯಿತು. ಸಿಕ್ಕದ್ದಕ್ಕೆ ಜಾರುವ ಪಟ್ಟಿ ಇರಲಿಲ್ಲ. ರಾಶಿಯ ಬೇರೊಂದು ಮಶೀನಿನ ಪಟ್ಟಿಯನ್ನು ಕಿತ್ತು ಕೂಡಿಸುವಾಗ ಮುರಿಯಿತು, ಇನ್ನೊಂದನ್ನು ಹುಡುಕಿ ಕೂಡಿಸಿದೆ. ತೂಕದ ಗೂಟವನ್ನು ಕನ್ನಡಿಯಂತೆ ಉಜ್ಜಿದೆ. ಕೊನೆಗೆ ಮೆಲ್ಲಗೆ ಅಲುಗಿಸಿದರೂ ಹಲ್ಲು ಹತ್ತತೊಡಗಿತು.

ಈಗ ಪರೀಕ್ಷೆ. ನನ್ನ ಪದ್ಧತಿ ಇಲ್ಲಿ ಕೆಲಸಕ್ಕೆ ಬಾರದು. ಗಡಿಯಾರವನ್ನು ಎಡಗೈಗೆ ಕಟ್ಟಿ, ಆ ಕೈಯನ್ನು ತೊಡೆಯ ಮೇಲಿಟ್ಟು ಮರೆತುಬಿಡಬೇಕೆಂದು ನಿರ್ಧರಿಸಿದೆ. ಮರೆಯುವುದು ಎಷ್ಟು ಕಷ್ಟ! ಅಂಗಿಯ ಗುಂಡಿ ಒಂದೇ ಕೈಯಲ್ಲಿ ಬೀಳದು. ರೊಟ್ಟಿ ಮುರಿಯಲು ಹೋದರೆ ತಾಟೇ ಜಾರುತ್ತಿತ್ತು. ಒಂದೇ ಕೈಯಲ್ಲಿ ಸೈಕಲ್ ಹೊಡೆದು ಕಬ್ಬಿನ ಟ್ರ್ಯಾಕ್ಟರಿನ ಅಡಿಗೆ ಹೋಗುವುದು ಕೂದಲೆಳೆಯಲ್ಲಿ ತಪ್ಪಿತು. ಅಂಗಡಿಗೆ ಬಂದವರು "ಕೈಗೆ ಏನಾತ್ರಿ?" ಎಂದು ಕೇಳುವುದು, ನಾನು "ಏನಿಲ್ಲ, ಟೆಸ್ಟಿಂಗ್" ಎನ್ನುವುದು. ಹೊತ್ತು ಮುಳುಗುವಷ್ಟರಲ್ಲಿ ನನಗೆ ಯಾರ ಮೇಲೆಂದು ತಿಳಿಯದ ಸಿಟ್ಟು ಹತ್ತಿರುತ್ತಿತ್ತು. ರಬ್ಬರ್ ಚೆಂಡನ್ನು ಹುಡುಗರಿಗೆ ಕೊಟ್ಟವರ ಸಂಕಟ ಆಗ ಅರಿವಿಗೆ ಬಂತು. ದಿನಕ್ಕೆ ಎರಡು ಹೊತ್ತು ಆ ಕೈಯಿಂದ ಬಾಗಿಲನ್ನು ಮೆಲ್ಲಗೆ ಎಳೆದು ದೂಡಿದೆ, ಹಲಗೆ ಎಳೆದಂತೆ. ಗಡಿಯಾರ ಬೆಳಗಿನವರೆಗೆ ನಡೆಯಿತು. ಆದರೆ ದಿನಕ್ಕೆ ಹಲವು ನಿಮಿಷ ತಪ್ಪು ತೋರಿಸುತ್ತಿತ್ತು. ತಿದ್ದಿದಷ್ಟೂ ತಪ್ಪುತ್ತಿತ್ತು.

ನನ್ನ ವೃತ್ತಿಯಲ್ಲಿ ಬೇಕಂತಲೇ ತಪ್ಪು ವೇಳೆಯ ಗಡಿಯಾರ ಕೊಟ್ಟದ್ದು ಅದೊಂದೇ ಸಲ. ರಬಕವಿಗೆ ಒಯ್ದು ಅವರ ಎಡಗೈಗೆ ನಾನೇ ಕಟ್ಟಿದೆ. ಗೇಣಗಲದ ಹಾಸಿನ ಮುಂದೆ ಕುಣಿಯಲ್ಲಿ ಕೂತರು. ಮಗಳು ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹಲಗೆಯ ಮೇಲಿಟ್ಟಳು. ಹಲಗೆ ಅರ್ಧ ಬಂದು ನಿಂತಿತು. ಬೆವರಿದರು. ಇನ್ನೊಮ್ಮೆ ಎಳೆದರು. ಬಡಿತ ನೂಲಿಗೆ ಮುಟ್ಟಿತೋ ಇಲ್ಲವೋ, ಗಡಿಯಾರದಿಂದ ಟಕ್ ಎಂಬ ಪೆಟ್ಟು ಕೈಗೆ ಬಂದಿರಬೇಕು, ನನ್ನ ಕಡೆ ತಿರುಗಿ ನೋಡಿದರು.

ಆಮೇಲೆ ಬಹಳ ದಿನ ಸುದ್ದಿ ಇಲ್ಲ. ಕಬ್ಬಿನ ಹಂಗಾಮು ಮುಗಿಯಿತು, ಬಿಸಿಲು ಬಂದು ಹೋಯಿತು, ಮಳೆಗಾಲ ಹಿಡಿಯಿತು. ಕೇಳಿ ಕಳಿಸಲು ಧೈರ್ಯವಾಗಲಿಲ್ಲ. ಸುದ್ದಿ ಇಲ್ಲದಿರುವುದೇ ಒಳ್ಳೆಯ ಸುದ್ದಿ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಒಂದು ಮಧ್ಯಾಹ್ನ ಅಂಗಡಿಯ ಮೆಟ್ಟಿಲ ಮೇಲೆ ಕಾಲೆಳೆದು ಹತ್ತುವ ಸಪ್ಪಳವಾಯಿತು. ಮುದುಕರು ಒಬ್ಬರೇ ಬಸ್ಸಿನಲ್ಲಿ ಬಂದಿದ್ದರು. ಬಂದವರೇ ಜಗಳಕ್ಕೆ ನಿಂತರು.

"ಏನ್ ಗಡಿಯಾರ ಮಾಡಿಕೊಟ್ಟೀರಿ? ಬಸ್ ತಪ್ಪಸ್ತೈತಿ, ಮಂದಿ ನಗತಾರ. ಸುಳ್ಳ ಟೈಮ್ ಕಟಗೊಂಡು ಎಷ್ಟ ದಿನ ತಿರಗ್ಲಿ? ನಂದು ಹಳೀ ಸ್ಪ್ರಿಂಗ್ ಹಾಕ್ರಿ."

"ಹಾಕತೇನಿ ಕಾಕಾರ. ಆದ್ರ ಕೈ ಇನ್ನೂ ಪೂರಾ ಬಂದಿಲ್ಲ. ಬಿಗಿ ಸ್ಪ್ರಿಂಗ್ ಪೂರ್ತಿ ತುಂಬೂದಿಲ್ಲ. ಹಗಲೆಲ್ಲಾ ನಡದು ರಾತ್ರಿ ನಿಂತೀತು. ಮುಂಜಾನಿ ಎದ್ದು ನೋಡಿದ್ರ..."

ನಿಂತದ್ದು ನೋಡಿ ಅವರು ಊಟ ಬಿಡುತ್ತಿದ್ದುದು ನೆನಪಾಗಿ ಮಾತು ಅಲ್ಲಿಗೇ ತಡೆದೆ. ಅವರು ಸ್ಟೂಲಿನ ಮೇಲೆ ಕೂತರು.

"ನಿಲ್ಲಲಿ ಬಿಡ್ರಿ. ರಾತ್ರಿ ನಾನೂ ಮಲಗತೇನಲ್ಲಾ? ಮುಂಜಾನಿ ಹಲಗಿ ಬಡದು ನಾನ ಎಬ್ಬಸ್ತೇನಿ."

ಅವರು ಕಾಯುತ್ತಿರುವಾಗಲೇ, ಎತ್ತಿಟ್ಟಿದ್ದ ಹಳೆಯ ಬಿಗಿ ಸ್ಪ್ರಿಂಗನ್ನು ಜೋಡಿಸಿ ಮುಗಿಸಿದೆ. ಮುಚ್ಚಳ ಹಾಕಿ ವೇಳೆ ಹೊಂದಿಸಲು ಹೋದಾಗ ಅವರು ಬಲಗೈ ಚಾಚಿ ಗಡಿಯಾರ ಇಸಿದುಕೊಂಡರು. ನನ್ನ ಗೋಡೆಗಡಿಯಾರವನ್ನು ನೋಡಿದರು. ಆಮೇಲೆ ಅದನ್ನು ಎಡಗೈಯ ಬೆರಳುಗಳ ನಡುವೆ ಇಟ್ಟು, ಬಲಗೈಯಿಂದ ಚಾವಿ ಎಳೆದು ಮುಳ್ಳು ತಿರುಗಿಸತೊಡಗಿದರು. ಒಮ್ಮೆ ಗಡಿಯಾರ ಜಾರಿತು, ನಾನು ಹಿಡಿಯಲು ಕೈ ಮುಂದೆ ಮಾಡಿದೆ. ಅಷ್ಟರಲ್ಲಿ ಎಡಗೈ ತಾನೇ ಅದನ್ನು ಹಿಡಿದಿತ್ತು.